ಮನೆ ನಮ್ಮದು, ಪತ್ರ ಯಾರದು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದರು. ಈ ಎರಡು ಕಷ್ಟಗಳ ಜೊತೆಗೆ ಕಾಲವು ಮೂರನೆಯದೊಂದನ್ನು ಸೇರಿಸಿದೆ. ಕಟ್ಟಿದ ಮನೆಯನ್ನು ಕಾಗದದ ಮೇಲೆ ಉಳಿಸಿಕೊಳ್ಳುವ ಕಷ್ಟವೇ ಅದು. ಗೋಡೆಗೆ ಕನ್ನ ಕೊರೆಯುವ ಕಳ್ಳನನ್ನು ಬೀದಿಯ ನಾಯಿಯಾದರೂ ಬೊಗಳಿ ತಡೆದೀತು. ಕಾಗದಕ್ಕೆ ಕನ್ನ ಕೊರೆಯುವವನನ್ನು ಕಂಡು ಬೊಗಳುವ ನಾಯಿ ಯಾವ ಊರಲ್ಲಿಯೂ ಇಲ್ಲ. ಮನೆಯವರು ಒಳಗೆ ನಿಶ್ಚಿಂತೆಯಿಂದ ಮಲಗಿರುವಾಗಲೇ ಮನೆ ಬೇರೆಯವರ ಹೆಸರಿಗೆ ಹೋಗಿರುತ್ತದೆ.

ಇಂಥ ಮೋಸ ಎಲ್ಲ ನಾಡಿನಲ್ಲಿಯೂ ಉಂಟು. ಆದರೆ ತೇನಿ, ಕಂಬಂ ಕಣಿವೆ, ದಿಂಡಿಗಲ್ಲುಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಅದರ ಅಪಾಯ ತುಸು ಹೆಚ್ಚು. ಮನೆಯೊಳಗೆ ನಾವು ಆಡುವ ಮಾತು ಕನ್ನಡ. ಮನೆಯ ಪತ್ರ ಇರುವುದು ತಮಿಳಿನಲ್ಲಿ, ಅದೂ ಕಚೇರಿಯ ಹಳೆಯ ತಮಿಳಿನಲ್ಲಿ. ನಮ್ಮ ಅಜ್ಜಿಯರಲ್ಲಿ ಅನೇಕರು ಅದನ್ನು ಓದಲಾರರು. ಓದಬಲ್ಲ ಮೊಮ್ಮಕ್ಕಳು ತಿರುಪ್ಪೂರಿನಲ್ಲೋ ಚೆನ್ನೈಯಲ್ಲೋ ಬೆಂಗಳೂರಿನಲ್ಲೋ ಉದ್ಯೋಗದಲ್ಲಿರುತ್ತಾರೆ. ಊರಿನ ಮನೆಗೆ ಬೀಗ ಬಿದ್ದಿರುತ್ತದೆ. ೨೦೨೨ರಲ್ಲಿ ಅಗಲ ಹಳಿಯ ರೈಲು ತೇನಿಗೂ ೨೦೨೩ರಲ್ಲಿ ಬೋಡಿನಾಯಕನೂರಿಗೂ ಬಂದಿತು. ಗದ್ದೆ ತೋಟಗಳಿದ್ದ ಕಡೆ ನಿವೇಶನದ ಕಲ್ಲುಗಳು ಎದ್ದು ನಿಲ್ಲುತ್ತಿವೆ. ನೆಲಕ್ಕೆ ಬೆಲೆ ಬಂದಾಗ ಬೀಗ ಬಿದ್ದ ಮನೆಯ ಮೇಲೆ ಕಣ್ಣೂ ಬೀಳುತ್ತದೆ.

ಇನ್ನೊಂದು ಕಾರಣವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಮೋಸ ಹೋದವರು ನಮ್ಮಲ್ಲಿ ಬಾಯಿ ಬಿಡುವುದಿಲ್ಲ. ಮೋಸ ಮಾಡಿದವನು ಅನೇಕ ವೇಳೆ ಬಂಧುವೋ ಊರವನೋ ಆಗಿರುತ್ತಾನೆ. ಹಿರಿಯರು ಕುಳಿತು ಪಂಚಾಯಿತಿ ಮಾಡುತ್ತಾರೆ, ‘ಮುಂದಿನ ತೈ ತಿಂಗಳಲ್ಲಿ ನೋಡೋಣ’ ಎನ್ನುತ್ತಾರೆ, ಒಂದರ ಮೇಲೊಂದು ತೈ ತಿಂಗಳು ಕಳೆದುಹೋಗುತ್ತದೆ. ಕಾಗದ ಹಿಡಿದು ಶಾಲೆಯ ಜಗಲಿಗೆ ಬಂದು ‘ಇದರಲ್ಲಿ ಏನು ಬರೆದಿದೆ ಓದಿ ಹೇಳಿ’ ಎನ್ನುವವರನ್ನು ನಾವು ಬಹಳ ಕಾಲದಿಂದ ಕಂಡಿದ್ದೇವೆ. ಅವರಲ್ಲಿ ಹೆಚ್ಚಿನವರು ಬರುವುದು ಸಹಿ ಹಾಕುವ ಮೊದಲಲ್ಲ, ಹಾಕಿದ ಮೇಲೆ. ಆದ್ದರಿಂದ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ, ಎಲ್ಲಿಯವರೆಗೆ ನಮ್ಮ ಕೈ ಹಿಡಿಯುತ್ತದೆ, ಎಲ್ಲಿ ಕೈ ಬಿಡುತ್ತದೆ ಎಂಬುದನ್ನು ಓದುಗರ ಮುಂದಿಡುವುದು ಉಚಿತವೆಂದು ತೋರಿದೆ.

ಕಾನೂನಿನ ಹೆಸರುಗಳು

‘ನಾನೂರ ಇಪ್ಪತ್ತು’ ಎಂಬ ಮಾತು ಬೈಗುಳವಾಗಿ ನಮ್ಮ ಹಳ್ಳಿಗಳಲ್ಲಿಯೂ ಬಳಕೆಯಲ್ಲಿದೆ. ೧೮೬೦ರ ಭಾರತ ದಂಡ ಸಂಹಿತೆಯಲ್ಲಿ ವಂಚನೆಗೆ ಶಿಕ್ಷೆ ಹೇಳಿದ್ದ ಕಲಮು ಅದು. ೨೦೨೪ರ ಜುಲೈ ೧ರಿಂದ ಆ ಸಂಹಿತೆಯ ಸ್ಥಾನದಲ್ಲಿ ೨೦೨೩ರ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಆ ದಿನಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೆಯ ಸಂಹಿತೆ, ಅನಂತರದ್ದಕ್ಕೆ ಹೊಸದು. ಅಂಕಿಗಳು ಬದಲಾದವು; ಅಪರಾಧಗಳ ಸ್ವರೂಪ ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಮನೆಯ ವಿಷಯದಲ್ಲಿ ಮುಖ್ಯವಾದವು ಇವು. ಸುಳ್ಳು ಹೇಳಿ ನಂಬಿಸಿ ಹಣವನ್ನೋ ಆಸ್ತಿಯನ್ನೋ ಕಸಿದುಕೊಳ್ಳುವುದು ವಂಚನೆ. ಹೊಸ ಸಂಹಿತೆಯ ೩೧೮ನೆಯ ಕಲಮಿನಂತೆ ಏಳು ವರ್ಷಗಳವರೆಗೆ ಸೆರೆವಾಸ, ಜೊತೆಗೆ ದಂಡ. ತಾನು ಮತ್ತೊಬ್ಬನೆಂದು ಸೋಗು ಹಾಕಿ ವಂಚಿಸಿದರೆ ೩೧೯ನೆಯ ಕಲಮು, ಐದು ವರ್ಷಗಳವರೆಗೆ ಸೆರೆ. ವಂಚಿಸುವ ಉದ್ದೇಶದಿಂದ ಖೋಟಾ ದಸ್ತಾವೇಜು ಸೃಷ್ಟಿಸಿದರೆ ೩೩೬, ಏಳು ವರ್ಷಗಳವರೆಗೆ. ಆ ಖೋಟಾ ಕಾಗದವು ಉಯಿಲೋ ಕ್ರಯಪತ್ರದಂಥ ಬೆಲೆಯುಳ್ಳ ಪತ್ರವೋ ಆಗಿದ್ದರೆ ೩೩೮ನೆಯ ಕಲಮಿನಂತೆ ಹತ್ತು ವರ್ಷಗಳವರೆಗೆ, ಇಲ್ಲವೇ ಜೀವಾವಧಿ ಸೆರೆಯೂ ಆಗಬಹುದು. ಖೋಟಾ ಎಂದು ತಿಳಿದೂ ಅದನ್ನು ನಿಜವೆಂದು ಬಳಸಿದವನಿಗೆ, ೩೪೦ನೆಯ ಕಲಮಿನಂತೆ, ಅದನ್ನು ಸೃಷ್ಟಿಸಿದವನಷ್ಟೇ ಶಿಕ್ಷೆ. ನಂಬಿ ಒಪ್ಪಿಸಿದ್ದನ್ನು ನುಂಗಿದರೆ ೩೧೬, ಅಂದರೆ ನಂಬಿಕೆದ್ರೋಹ. ಕ್ರಯಪತ್ರದಲ್ಲಿ ಪ್ರತಿಫಲದ ಹಣವನ್ನು ಮೋಸದ ಉದ್ದೇಶದಿಂದ ಸುಳ್ಳಾಗಿ ಬರೆಸುವುದೂ ೩೨೨ನೆಯ ಕಲಮಿನಂತೆ ಅಪರಾಧವೇ.

ಇವುಗಳ ಜೊತೆಗೆ ೧೯೦೮ರ ನೋಂದಣಿ ಅಧಿನಿಯಮದ ೮೨ನೆಯ ಕಲಮನ್ನು ನಮ್ಮವರು ಮರೆಯುವುದು ಹೆಚ್ಚು. ನೋಂದಣಾಧಿಕಾರಿಯ ಮುಂದೆ ತಿಳಿದೂ ತಿಳಿದೂ ಸುಳ್ಳು ಹೇಳಿಕೆ ಕೊಟ್ಟವನಿಗೆ, ಬೇರೊಬ್ಬನ ಸೋಗಿನಲ್ಲಿ ಹೆಬ್ಬೆಟ್ಟು ಒತ್ತಿದವನಿಗೆ, ಇವಕ್ಕೆ ಕುಮ್ಮಕ್ಕು ಕೊಟ್ಟವನಿಗೆ ಏಳು ವರ್ಷಗಳವರೆಗೆ ಸೆರೆಯೆಂದು ಅದು ಹೇಳುತ್ತದೆ. ಸುಳ್ಳು ಸಾಕ್ಷಿಯಾಗಿ ಸಹಿ ಹಾಕಿ ಕಾಫಿ ಕುಡಿದು ಬರುವ ಪುಣ್ಯಾತ್ಮರು ಇದನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಅಜ್ಜಿಯ ಹೆಬ್ಬೆಟ್ಟು

ಖೋಟಾ ದಸ್ತಾವೇಜು ಎಂದೊಡನೆ ಕಳ್ಳ ಸಹಿ, ಕಳ್ಳ ಮುದ್ರೆಗಳೇ ನಮ್ಮ ಮನಸ್ಸಿಗೆ ಬರುತ್ತವೆ. ಕಾನೂನು ಅಷ್ಟಕ್ಕೇ ನಿಲ್ಲುವುದಿಲ್ಲ. ಹೆಬ್ಬೆಟ್ಟು ಅಜ್ಜಿಯದೇ ಆಗಿರಬಹುದು, ಆಕೆಯೇ ಒತ್ತಿರಬಹುದು. ಆದರೆ ‘ಇದು ವೃದ್ಧಾಪ್ಯ ವೇತನದ ಅರ್ಜಿ’ ಎಂದು ಹೇಳಿ ಕ್ರಯಪತ್ರಕ್ಕೆ ಒತ್ತಿಸಿಕೊಂಡಿದ್ದರೆ, ಅದರಲ್ಲೇನಿದೆ ಎಂಬುದು ಮೋಸದಿಂದಾಗಿ ಆಕೆಗೆ ತಿಳಿಯದೆ ಹೋಗಿದ್ದರೆ, ಆ ಕಾಗದವೂ ಕಾನೂನಿನ ದೃಷ್ಟಿಯಲ್ಲಿ ಸುಳ್ಳು ದಸ್ತಾವೇಜೇ. ಅಮಲಿನಲ್ಲಿದ್ದವನಿಂದ, ಚಿತ್ತಸ್ವಾಸ್ಥ್ಯ ಇಲ್ಲದವನಿಂದ ಬರೆಯಿಸಿಕೊಂಡದ್ದೂ ಹಾಗೆಯೇ. ಹಳೆಯ ಸಂಹಿತೆಯ ೪೬೪ರಲ್ಲಿದ್ದ ಈ ಮಾತು ಹೊಸದರ ೩೩೫ರಲ್ಲಿಯೂ ಇದೆ.

‘ಕೈಯಾರೆ ಒತ್ತಿದ ಮೇಲೆ ಇನ್ನೇನು ಮಾಡಲಾದೀತು’ ಎಂದು ಹಣೆ ಚಚ್ಚಿಕೊಳ್ಳುವವರು ಇದನ್ನು ಅರಿಯಬೇಕು. ಮಾಡಲಾಗುತ್ತದೆ. ಆದರೆ ಮೋಸ ನಡೆದುದನ್ನು ಸಾಬೀತುಪಡಿಸುವ ಭಾರ ಹೇಳುವವರ ಮೇಲೆಯೇ ಬೀಳುತ್ತದೆ. ಹಣ ಕೈಗೆ ಬಂದಿತೇ, ಬ್ಯಾಂಕಿನ ಲೆಕ್ಕದಲ್ಲಿ ಕಾಣುತ್ತದೆಯೇ, ಪತ್ರವನ್ನು ಓದಿ ಹೇಳಿದವರಾರು, ಸಾಕ್ಷಿಗಳು ಯಾರ ಕಡೆಯವರು ಎಂಬ ಪ್ರಶ್ನೆಗಳೇ ಅಲ್ಲಿ ನಿರ್ಣಾಯಕವಾಗುತ್ತವೆ. ತಡಮಾಡಿದಷ್ಟೂ ಈ ಪ್ರಶ್ನೆಗಳಿಗೆ ಉತ್ತರ ಸಿಗುವುದು ಕಠಿಣ.

ಮೋಸ ಹೋದವರು ಯಾರು?

ಇಲ್ಲಿ ಒಂದು ವಿಚಿತ್ರವಿದೆ. ರಾಮ, ಕೃಷ್ಣ, ಗೋವಿಂದ ಎಂಬ ಮೂವರನ್ನು ಕಲ್ಪಿಸಿಕೊಳ್ಳೋಣ. ಮನೆ ಕೃಷ್ಣನದು; ಆತ ಬೆಂಗಳೂರಿನಲ್ಲಿದ್ದಾನೆ. ರಾಮನು ‘ಈ ಮನೆ ನನ್ನದು’ ಎಂದು ಹೇಳಿ, ತನ್ನ ಸ್ವಂತ ಹೆಸರಿನಲ್ಲಿಯೇ ಗೋವಿಂದನಿಗೆ ಕ್ರಯಪತ್ರ ಬರೆದುಕೊಡುತ್ತಾನೆ. ರಾಮನು ಖೋಟಾ ದಸ್ತಾವೇಜಿನ ಅಪರಾಧ ಮಾಡಿದನೇ?

‘ಮಾಡಿದ’ ಎಂದೇ ಯಾರಾದರೂ ಹೇಳುತ್ತಾರೆ. ಆದರೆ ಬಿಹಾರದಿಂದ ಬಂದ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೯ರಲ್ಲಿ ಬೇರೆಯೇ ಉತ್ತರ ಕೊಟ್ಟಿತು. ರಾಮನು ತಾನು ಕೃಷ್ಣನೆಂದು ಹೇಳಿಕೊಂಡಿಲ್ಲ, ಕೃಷ್ಣನ ಸಹಿ ಹಾಕಿಲ್ಲ, ಕೃಷ್ಣನ ಅಧಿಕಾರ ತನಗಿದೆಯೆಂದೂ ಹೇಳಿಲ್ಲ. ಆತ ಬರೆದುದು ಸುಳ್ಳು. ಬರೆದವನು ಮಾತ್ರ ಆತನೇ. ಆದಕಾರಣ ಅದು ಖೋಟಾ ದಸ್ತಾವೇಜಿನ ವ್ಯಾಖ್ಯೆಗೆ ಒಳಪಡದು. ವಂಚನೆಯ ಅಪರಾಧ ಇರಬಹುದು. ಆದರೆ ವಂಚಿತನಾದವನು ಹಣ ಕೊಟ್ಟ ಗೋವಿಂದ. ಕೃಷ್ಣನನ್ನು ಯಾರೂ ನಂಬಿಸಿಲ್ಲ, ಆತನಿಂದ ಏನನ್ನೂ ಕೇಳಿ ಪಡೆದಿಲ್ಲ. ಆದ್ದರಿಂದ ‘ನನ್ನನ್ನು ವಂಚಿಸಿದರು’ ಎಂದು ಆತ ಫಿರ್ಯಾದು ಹೇಳುವಂತಿಲ್ಲ.

ಮನೆ ಕಳೆದುಕೊಳ್ಳಲಿರುವವನಿಗೆ ವಂಚನೆಯ ಫಿರ್ಯಾದು ಇಲ್ಲ ಎಂದರೆ ಕೇಳುವವರಿಗೆ ಅನ್ಯಾಯವೆನಿಸುತ್ತದೆ. ಆದರೂ ಈ ತೀರ್ಪಿನಲ್ಲಿ ಒಂದು ದಾರಿಯೂ ಕಾಣುತ್ತದೆ. ಸಾಮಾನ್ಯವಾಗಿ ಕೃಷ್ಣ ಮತ್ತು ಗೋವಿಂದ ಪರಸ್ಪರ ಜಗಳವಾಡುತ್ತಾರೆ. ರಾಮನು ಹಣದೊಂದಿಗೆ ಪಕ್ಕದಲ್ಲಿ ನಿಂತು ನೋಡುತ್ತಾನೆ. ನಿಜವಾಗಿ ಅವರಿಬ್ಬರೂ ಒಂದೇ ಕಡೆ ಕೂಡಬೇಕಾದವರು. ಗೋವಿಂದನು ಪೊಲೀಸರ ಬಳಿ ಹೋಗಿ ತನ್ನ ಹಣ ಹೋಯಿತೆಂದು ದೂರು ಕೊಟ್ಟರೆ ಅದು ರಾಮನ ಮೇಲೆ ನೇರವಾಗಿ ತಾಗುತ್ತದೆ. ಕೃಷ್ಣನು ತನ್ನ ಮೂಲಪತ್ರಗಳನ್ನು ಒದಗಿಸಿದರೆ ಆ ದೂರಿಗೆ ಬಲ ಬರುತ್ತದೆ. ಬಲವಂತವಾಗಿ ಮನೆಯೊಳಗೆ ನುಗ್ಗಿದ್ದರೆ ೩೨೯ನೆಯ ಕಲಮಿನ ಗೃಹಾತಿಕ್ರಮಣ, ಬೆದರಿಸಿದ್ದರೆ ೩೫೧, ಕೂಡಿ ಸಂಚು ಹೂಡಿದ್ದರೆ ೬೧ ಎಂಬ ಕಲಮುಗಳು ಕೃಷ್ಣನಿಗೂ ತೆರೆದಿರುತ್ತವೆ.

ರಾಮನು ಕೃಷ್ಣನ ಸೋಗು ಹಾಕಿ, ಕಳ್ಳ ಗುರುತಿನ ಚೀಟಿಯೊಡನೆ ಸಹಿ ಮಾಡಿದ್ದರೆ ಕಥೆಯೇ ಬೇರೆ. ಆಗ ಖೋಟಾ, ಸೋಗು, ಎರಡೂ ಬರುತ್ತವೆ. ಅಲ್ಲಿಯೂ ಎಚ್ಚರ ಬೇಕು. ತಮಿಳುನಾಡಿನಿಂದಲೇ ಹೋದ ಇನ್ನೊಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೮ರ ಮೇ ತಿಂಗಳಲ್ಲಿ, ಸುಳ್ಳು ದಸ್ತಾವೇಜನ್ನು ಸ್ವತಃ ಸೃಷ್ಟಿಸಿದವನಿಗೆ ಮಾತ್ರ ಖೋಟಾ ಅಪರಾಧದ ಶಿಕ್ಷೆ ಸಾಧ್ಯವೆಂದು ಹೇಳಿತು. ಅಲ್ಲಿ ಮನೆಯೊಡತಿಯ ಸೋಗು ಹಾಕಿದ ಹೆಂಗಸು ಯಾರೆಂಬುದೇ ಪತ್ತೆಯಾಗಿರಲಿಲ್ಲ; ಅದರಿಂದ ಲಾಭ ಪಡೆದವನು ಖೋಟಾ ಆರೋಪದಿಂದ ಪಾರಾದ. ತನಿಖೆಯ ಲೋಪವನ್ನು ನ್ಯಾಯಾಲಯವೇ ಎತ್ತಿ ಹೇಳಿತು. ಹೆಬ್ಬೆಟ್ಟು ಒತ್ತಿದವರು ಯಾರು ಎಂಬುದು ಮೊದಲ ದಿನಗಳಲ್ಲಿಯೇ ಹಿಡಿಯಬೇಕಾದ ಎಳೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಉಳಿದಿರುವ ಭಾವಚಿತ್ರ, ಬೆರಳಚ್ಚುಗಳ ತುಲನೆಯನ್ನು ದೂರಿನಲ್ಲಿಯೇ ಬರೆದು ಕೇಳಬೇಕು.

ಮುದ್ರೆ ಬಿದ್ದರೆ ಸಾಕೇ?

‘ರಿಜಿಸ್ಟರ್ ಆಗಿದೆ, ಇನ್ನೇಕೆ ಭಯ?’ ಎಂಬ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತದೆ. ನೋಂದಣಿ ಎಂದರೆ ಒಂದು ಪತ್ರ ಬರೆಯಲ್ಪಟ್ಟಿತೆಂಬುದಕ್ಕೆ ದಾಖಲೆ. ಬರೆದವನಿಗೆ ಹಕ್ಕಿತ್ತೆಂಬುದಕ್ಕೆ ಅದು ಜಾಮೀನಲ್ಲ. ಕ್ರಯ ಕೊಡುವವನ ಹಕ್ಕನ್ನು ವಿಚಾರಿಸುವುದು ನೋಂದಣಾಧಿಕಾರಿಯ ಕೆಲಸವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೫ರ ಏಪ್ರಿಲ್‌ನಲ್ಲಿ, ತಮಿಳುನಾಡಿನ ಒಂದು ನೋಂದಣಿ ನಿಯಮವನ್ನು ರದ್ದುಪಡಿಸುತ್ತ, ಮತ್ತೊಮ್ಮೆ ಹೇಳಿತು.

ಈ ಕೊರತೆಯನ್ನು ತುಂಬಲು ತಮಿಳುನಾಡು ಸರ್ಕಾರ ಪ್ರಯತ್ನಿಸದೆ ಇರಲಿಲ್ಲ. ನೋಂದಣಿ ಅಧಿನಿಯಮಕ್ಕೆ ರಾಜ್ಯವು ತಂದ ತಿದ್ದುಪಡಿ ೨೦೨೨ರ ಆಗಸ್ಟ್ ೧೬ರಿಂದ ಜಾರಿಗೆ ಬಂದಿತು. ಖೋಟಾ ಎಂದು ಕಂಡ ಪತ್ರವನ್ನು ನೋಂದಾಯಿಸಲು ನಿರಾಕರಿಸುವ ಅಧಿಕಾರವನ್ನು ೨೨-ಬಿ ಕಲಮು ಕೊಟ್ಟಿತು. ಈಗಾಗಲೇ ನೋಂದಣಿಯಾದ ಖೋಟಾ ಪತ್ರವನ್ನು ರದ್ದುಪಡಿಸುವ ಅಧಿಕಾರವನ್ನು ೭೭-ಎ ಕಲಮು ಜಿಲ್ಲಾ ನೋಂದಣಾಧಿಕಾರಿಗೆ ಕೊಟ್ಟಿತು. ಸಹಸ್ರಾರು ಜನ ಅರ್ಜಿ ಹಿಡಿದು ಓಡಿದರು. ಆದರೆ ೨೦೨೪ರ ಜುಲೈಯಲ್ಲಿ ಮದ್ರಾಸು ಉಚ್ಚ ನ್ಯಾಯಾಲಯವು ೭೭-ಎ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಹಕ್ಕಿನ ತೀರ್ಮಾನ ನ್ಯಾಯಾಲಯದ ಕೆಲಸವೇ ಹೊರತು ಕಚೇರಿಯದಲ್ಲವೆಂಬುದು ಅದರ ಸಾರ. ಸುಲಭದ ದಾರಿಯನ್ನೇ ನೆಚ್ಚಿ ದಾವೆ ಹೂಡದೆ ಕುಳಿತವರು ಕಾಲವನ್ನು ಕಳೆದುಕೊಂಡರು.

ಪಟ್ಟಾ ಇದೆಯಲ್ಲ ಎನ್ನುವವರಿಗೂ ಒಂದು ಮಾತು. ಪಟ್ಟಾ, ಚಿಟ್ಟಾ, ಅಡಂಗಲ್‌ಗಳು ಕಂದಾಯದ ದಾಖಲೆಗಳು. ಅವುಗಳಿಗೆ ಬೆಲೆಯಿದೆ, ಆದರೆ ಅವು ಹಕ್ಕುಪತ್ರಗಳಲ್ಲ. ನಮ್ಮದೇ ತೇನಿ ಜಿಲ್ಲೆಯ ಪೆರಿಯಕುಲಂ ಸೀಮೆಯಲ್ಲಿ ೨೦೨೧ರಲ್ಲಿ ಬೆಳಕಿಗೆ ಬಂದ ಪ್ರಕರಣ ಓದುಗರ ನೆನಪಿನಲ್ಲಿರಬಹುದು. ವಡವೀರನಾಯಕ್ಕನಪಟ್ಟಿ ಮೊದಲಾದ ಗ್ರಾಮಗಳಲ್ಲಿ ನೂರೆಂಬತ್ತು ಎಕರೆಗೂ ಮಿಕ್ಕ ಸರ್ಕಾರಿ ಭೂಮಿಯನ್ನು ಕಂದಾಯದ ಗಣಕಯಂತ್ರದ ದಾಖಲೆಯಲ್ಲಿಯೇ ಖಾಸಗಿಯವರ ಹೆಸರಿಗೆ ಮಾಡಲಾಗಿದೆ ಎಂಬ ಆರೋಪ ಬಂದಿತು, ಅಧಿಕಾರಿಗಳು ಅಮಾನತಾದರು, ತನಿಖೆ ಸಿ.ಬಿ.ಸಿ.ಐ.ಡಿ. ಪೊಲೀಸರ ಕೈಗೆ ಹೋಯಿತು. ಸರ್ಕಾರದ ಭೂಮಿಗೇ ಇಂಥ ಆರೋಪ ಬರುವುದಾದರೆ ಬೀಗ ಬಿದ್ದ ನಮ್ಮ ಮನೆಯ ಪಟ್ಟಾವನ್ನು ವರ್ಷಕ್ಕೊಮ್ಮೆಯಾದರೂ ತೆರೆದು ನೋಡಬೇಡವೇ?

ನಮ್ಮ ಊರುಗಳ ಹಳೆಯ ಮನೆಗಳು ಬಹುಪಾಲು ಗ್ರಾಮನತ್ತದಲ್ಲಿರುವವು. ತಲೆತಲಾಂತರದಿಂದ ವಾಸವಿದ್ದರೂ ಮೂಲಪತ್ರವೆಂಬುದೇ ಇರುವುದಿಲ್ಲ. ನತ್ತದ ನೆಲ ಸರ್ಕಾರದ ಸ್ವತ್ತಲ್ಲ, ವಾಸವಿರುವವರ ಹಕ್ಕಿಗೆ ಒಳಪಟ್ಟದ್ದು ಎಂದು ಮದ್ರಾಸು ಉಚ್ಚ ನ್ಯಾಯಾಲಯ ಪದೇ ಪದೇ ಹೇಳಿದೆ. ಇಂಥ ಮನೆಗಳಿಗೆ ನತ್ತದ ಪಟ್ಟಾ, ಮನೆ ತೆರಿಗೆಯ ಹಳೆಯ ರಶೀದಿಗಳು, ವಿದ್ಯುತ್ ಸಂಪರ್ಕದ ಕಾಗದಗಳೇ ಬಲ. ಅವನ್ನು ಹಳೆಯ ಕಾಗದವೆಂದು ಒಲೆಗೆ ಹಾಕುವವರು ಮನೆಯ ಒಂದು ಕಂಬವನ್ನೇ ಒಲೆಗೆ ಹಾಕಿದಂತೆ.

ನಿವೇಶನ, ಅಧಿಕಾರಪತ್ರ, ಒತ್ತಿ

ಹೊಸದಾಗಿ ಕೊಳ್ಳುವವರಿಗೆ ಕಾದಿರುವ ಗುಂಡಿಗಳು ಬೇರೆ. ೨೦೧೬ರ ಸೆಪ್ಟೆಂಬರ್ ೯ರಂದು ಮದ್ರಾಸು ಉಚ್ಚ ನ್ಯಾಯಾಲಯವು ಅನುಮೋದನೆಯಿಲ್ಲದ ನಿವೇಶನಗಳ ನೋಂದಣಿಗೆ ತಡೆ ಹಾಕಿತು. ೨೦೧೭ರಲ್ಲಿ ಸರ್ಕಾರ ಸಕ್ರಮ ನಿಯಮಗಳನ್ನು ತಂದಿತು; ೨೦೧೬ರ ಅಕ್ಟೋಬರ್ ೨೦ಕ್ಕೆ ಮೊದಲಿನವಕ್ಕೆ ಮಾತ್ರ ಅವು ಅನ್ವಯ. ‘ಅಪ್ರೂವಲ್ ಬರುತ್ತದೆ, ಮೊದಲು ಅಡ್ವಾನ್ಸ್ ಕೊಡಿ’ ಎನ್ನುವವನ ಮಾತಿಗೆ ಮರುಳಾಗಬಾರದು. ಐದುನೂರು ಚದರ ಮೀಟರಿಗೆ ಮಿಕ್ಕ ಬಡಾವಣೆಗಳೂ ಎಂಟಕ್ಕೆ ಮಿಕ್ಕ ಮನೆಗಳ ಸಮುಚ್ಚಯಗಳೂ ೨೦೧೬ರ ಸ್ಥಿರಾಸ್ತಿ ಅಧಿನಿಯಮದ ಪ್ರಕಾರ ಪ್ರಾಧಿಕಾರದಲ್ಲಿ ದಾಖಲಾಗಬೇಕು. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡ ಹತ್ತಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲವೆಂದು ಅದೇ ಅಧಿನಿಯಮ ಹೇಳುತ್ತದೆ.

ಅಧಿಕಾರಪತ್ರ, ಅಂದರೆ ‘ಪವರ್’, ಹಿಡಿದು ಬಂದವನಿಂದ ಕೊಳ್ಳುವಾಗ ಇಮ್ಮಡಿ ಎಚ್ಚರ ಬೇಕು. ಪವರ್ ಬರೆದುಕೊಟ್ಟ ಮಾತ್ರಕ್ಕೆ ಮನೆ ಕೈ ಬದಲಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೨೦೧೧ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದೆ. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಪವರ್ ಅಲ್ಲಿಗೆ ಮುಗಿಯಿತು. ಸತ್ತವರ ಪವರ್‌ನಿಂದ ಮನೆ ಮಾರುವುದು ಹಳೆಯ ಮೋಸಗಳಲ್ಲೊಂದು. ಪವರ್ ಕೊಟ್ಟವರನ್ನು ಕಣ್ಣಾರೆ ಕಂಡು ಮಾತನಾಡದೆ ಹಣ ಕೊಡಲೇಬಾರದು. ೨೦೧೨ರ ಡಿಸೆಂಬರ್‌ನಿಂದ ತಮಿಳುನಾಡಿನಲ್ಲಿ ಕ್ರಯದ ಕರಾರು, ಸ್ಥಿರಾಸ್ತಿಯ ಪವರ್, ಹಕ್ಕುಪತ್ರ ಇಟ್ಟು ಮಾಡುವ ಅಡಮಾನ, ಇವುಗಳ ನೋಂದಣಿ ಕಡ್ಡಾಯವಾಗಿರುವುದರಿಂದ ಋಣಭಾರ ಪತ್ರದಲ್ಲಿ ಇವು ಕಾಣಿಸಬೇಕು. ನಾವು ‘ವಿಲ್ಲಂಗ’ ಎಂದು ಕರೆಯುವುದು ಇದನ್ನೇ.

‘ಒತ್ತಿ’ಗೆ ಮನೆ ಹಿಡಿಯುವ ಬಡ ಕುಟುಂಬಗಳ ಪಾಡು ಇನ್ನೂ ಕರುಣಾಜನಕ. ತಿಂಗಳ ಬಾಡಿಗೆ ಕೊಡಲಾರದವರು ಕೂಡಿಟ್ಟ ಲಕ್ಷಗಳನ್ನು ಒಮ್ಮೆಲೇ ಕೊಟ್ಟು ಮನೆ ಸೇರುತ್ತಾರೆ. ಹಣ ಪಡೆದವನು ಮನೆಯ ಯಜಮಾನನೇ ಅಲ್ಲ, ಆತನೂ ಬಾಡಿಗೆದಾರನೆಂಬುದು ಕೆಲವು ತಿಂಗಳ ಮೇಲೆ ತಿಳಿಯುತ್ತದೆ. ಇದು ಶುದ್ಧ ವಂಚನೆ. ೩೧೮ನೆಯ ಕಲಮು ನೇರವಾಗಿ ಹೊಂದುತ್ತದೆ. ಆದರೆ ಬಿಳಿಯ ಹಾಳೆಯ ಬರಹವನ್ನು ಹಿಡಿದು ಹಣ ಮರಳಿ ಪಡೆಯುವುದು ದುಸ್ತರ. ಒತ್ತಿಯನ್ನು ನೋಂದಾಯಿಸಿ, ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು.

ಮನೆಯೊಳಗಿನ ಮೋಸ

ಹೊರಗಿನ ವಂಚಕನ ಮಾತಾಯಿತು. ನಮ್ಮ ಅಂಗಳದ ಮಾತನ್ನೂ ಆಡದೆ ಹೋದರೆ ಈ ಲೇಖನ ಅಪೂರ್ಣವಾದೀತು. ತಂದೆ ತೀರಿಕೊಂಡ ಮೇಲೆ ವಾರಸು ಪತ್ರ ಪಡೆಯುವಾಗ, ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರನ್ನು ‘ಮರೆಯುವ’ ಅಣ್ಣತಮ್ಮಂದಿರು ನಮ್ಮಲ್ಲಿ ಇಲ್ಲವೇ? ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮದಿಂದಲೇ ಸಮಪಾಲಿದೆ. ಪಿತ್ರಾರ್ಜಿತದಲ್ಲಿಯೂ ತಮಿಳುನಾಡು ೧೯೮೯ರ ಮಾರ್ಚ್ ೨೫ರಿಂದ, ಅಂದಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ, ಜನ್ಮಸಿದ್ಧ ಹಕ್ಕು ಕೊಟ್ಟಿತು. ೨೦೦೫ರಲ್ಲಿ ಕೇಂದ್ರದ ತಿದ್ದುಪಡಿ ದೇಶಕ್ಕೆಲ್ಲ ಅದನ್ನು ವಿಸ್ತರಿಸಿತು. ತಂಗಿಯಿದ್ದೂ ಇಲ್ಲವೆಂದು ಅಧಿಕಾರಿಯ ಮುಂದೆ ಬರೆದುಕೊಡುವುದು ಕುಟುಂಬದ ಹೊಂದಾಣಿಕೆಯಲ್ಲ, ಅಪರಾಧ. ಅವಳು ಕೇಳಲಿಲ್ಲವೆಂಬುದು ಉತ್ತರವಾಗದು. ಅವಳಿಗೆ ಹೇಳಿದ್ದೆವೇ ಎಂಬುದೇ ಪ್ರಶ್ನೆ.

ವೃದ್ಧ ತಂದೆತಾಯಿಯರಿಂದ ಮನೆ ಬರೆಯಿಸಿಕೊಂಡು ಅವರನ್ನು ಹೊರಗಟ್ಟುವುದು ಇನ್ನೊಂದು. ೨೦೦೭ರ ಹಿರಿಯ ನಾಗರಿಕರ ಅಧಿನಿಯಮದ ೨೩ನೆಯ ಕಲಮನ್ನು ಪ್ರತಿಯೊಂದು ಮನೆಯಲ್ಲಿಯೂ ಓದಿ ಹೇಳಬೇಕು. ನೋಡಿಕೊಳ್ಳುವೆನೆಂಬ ಷರತ್ತಿನ ಮೇಲೆ ಆಸ್ತಿ ಪಡೆದವನು ನೋಡಿಕೊಳ್ಳದೆ ಹೋದರೆ, ಆ ವರ್ಗಾವಣೆ ಮೋಸದಿಂದಲೋ ಬಲಾತ್ಕಾರದಿಂದಲೋ ಆದುದೆಂದೇ ಕಾನೂನು ಭಾವಿಸುತ್ತದೆ. ಹಿರಿಯರು ಬಯಸಿದರೆ ನ್ಯಾಯಮಂಡಳಿ ಅದನ್ನು ಅಸಿಂಧುವೆಂದು ಘೋಷಿಸಬಹುದು. ಅರ್ಜಿ ಕೊಡಬೇಕಾದುದು ಕಂದಾಯ ವಿಭಾಗಾಧಿಕಾರಿಗೆ. ತೇನಿ ಜಿಲ್ಲೆಯವರಿಗೆ ಪೆರಿಯಕುಲಂ ಮತ್ತು ಉತ್ತಮಪಾಳಯಂಗಳಲ್ಲಿ ಆ ಕಚೇರಿಗಳಿವೆ. ಆದರೆ ಆ ಷರತ್ತನ್ನು ಪತ್ರದಲ್ಲಿಯೇ ಬರೆಸಿರುವುದು ಕ್ಷೇಮ. ಬಾಯಿಮಾತಿನ ಪ್ರೀತಿಯನ್ನು ಸಾಬೀತುಪಡಿಸುವುದು ಕಷ್ಟ.

ಎರಡು ಬಾಗಿಲು

ಇನ್ನು ಮೋಸ ನಡೆದೇ ಹೋದರೆ ಮಾಡಬೇಕಾದುದೇನು? ನಾವು ಒತ್ತಿ ಹೇಳಬಯಸುವ ಮಾತು ಇದು: ಮೋಸಗಾರನಿಗೆ ಶಿಕ್ಷೆಯಾಗುವುದು ಬೇರೆ, ಮನೆ ಮರಳಿ ಬರುವುದು ಬೇರೆ. ಮೊದಲನೆಯದಕ್ಕೆ ಪೊಲೀಸು ಮತ್ತು ಕ್ರಿಮಿನಲ್ ನ್ಯಾಯಾಲಯದ ಬಾಗಿಲು. ಎರಡನೆಯದಕ್ಕೆ ಸಿವಿಲ್ ನ್ಯಾಯಾಲಯದ ಬಾಗಿಲು. ರಾಮ ಸೆರೆಮನೆಗೆ ಹೋದ ಮಾತ್ರಕ್ಕೆ ಕೃಷ್ಣನ ಮನೆಯ ಕ್ರಯಪತ್ರ ತಾನಾಗಿ ರದ್ದಾಗುವುದಿಲ್ಲ. ಒಂದೇ ಬಾಗಿಲಲ್ಲಿ ಕಾದು ಕುಳಿತು ಇನ್ನೊಂದು ಮುಚ್ಚಿಹೋದ ಮೇಲೆ ಎಚ್ಚೆತ್ತವರೇ ಹೆಚ್ಚು.

ಎರಡನೆಯ ಬಾಗಿಲಿಗೆ ಗಡಿಯಾರವುಂಟು. ಪತ್ರವನ್ನು ರದ್ದುಪಡಿಸಲು ಕೋರುವ ದಾವೆಗೆ, ವಿಷಯ ತಿಳಿದಂದಿನಿಂದ ಮೂರು ವರ್ಷ. ಬಲವಂತವಾಗಿ ಹೊರಹಾಕಲ್ಪಟ್ಟವರು ಹಕ್ಕಿನ ವಿಚಾರಕ್ಕೇ ಹೋಗದೆ ಸ್ವಾಧೀನ ಮರಳಿ ಪಡೆಯುವ ವಿಶೇಷ ದಾವೆಗೆ ಆರೇ ತಿಂಗಳು. ಹಕ್ಕಿನ ಆಧಾರದ ಮೇಲೆ ಸ್ವಾಧೀನ ಕೇಳಲು ಹನ್ನೆರಡು ವರ್ಷ. ಹಿರಿಯರ ಪಂಚಾಯಿತಿ ನಡೆಯಲಿ, ಬೇಡವೆನ್ನುವುದಿಲ್ಲ; ಅದು ನಡೆಯುತ್ತಿರುವಾಗಲೂ ಗಡಿಯಾರ ನಿಲ್ಲುವುದಿಲ್ಲ.

ಮೊದಲನೆಯ ಬಾಗಿಲಲ್ಲಿ ದೂರನ್ನು ಬರೆದೇ ಕೊಡಬೇಕು. ತಕ್ಕ ಅಪರಾಧ ಕಂಡುಬಂದರೆ ಪ್ರಥಮ ವರ್ತಮಾನ ವರದಿ ದಾಖಲಿಸುವುದು ಪೊಲೀಸರ ಕರ್ತವ್ಯ. ಅದರ ಪ್ರತಿ ಉಚಿತ. ‘ಇದು ಸಿವಿಲ್ ವ್ಯಾಜ್ಯ’ ಎಂದು ಕಳುಹಿಸಿದರೆ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಬರೆಯಬೇಕು. ಅಲ್ಲಿಯೂ ಆಗದಿದ್ದರೆ ೨೦೨೩ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೭೫ನೆಯ ಕಲಮಿನಂತೆ ಮ್ಯಾಜಿಸ್ಟ್ರೇಟರನ್ನು ಕೇಳಬೇಕು. ಆದರೆ ಪೊಲೀಸರ ಆ ಮಾತು ಎಲ್ಲ ವೇಳೆಯೂ ನೆಪವಲ್ಲ. ಬರಿಯ ಹಣದ ವ್ಯಾಜ್ಯವನ್ನು ಕ್ರಿಮಿನಲ್ ಮೊಕದ್ದಮೆಯಾಗಿಸುವುದನ್ನು ನ್ಯಾಯಾಲಯಗಳು ಖಂಡಿಸಿವೆ. ಕರಾರು ಮಾಡಿದ ಮೊದಲ ಕ್ಷಣದಲ್ಲಿಯೇ ಮೋಸದ ಉದ್ದೇಶವಿತ್ತೆಂದು ತೋರಿಸುವ ಸಂಗತಿಗಳು ದೂರಿನಲ್ಲಿರಬೇಕು. ಬಳಿಕ ಮಾತು ತಪ್ಪಿದ ಮಾತ್ರಕ್ಕೆ ಅದು ವಂಚನೆಯಾಗದು.

ತಮಿಳುನಾಡಿನಲ್ಲಿ ೨೦೧೧ರಲ್ಲಿ ಜಿಲ್ಲೆ ಜಿಲ್ಲೆಗೂ ಭೂಕಬಳಿಕೆ ತಡೆ ವಿಶೇಷ ಪೊಲೀಸ್ ವಿಭಾಗಗಳನ್ನು ಸ್ಥಾಪಿಸಿದರು. ವಿಶೇಷ ನ್ಯಾಯಾಲಯಗಳೂ ಬಂದವು. ‘ಭೂಕಬಳಿಕೆ’ ಎಂದರೇನೆಂಬ ವ್ಯಾಖ್ಯೆಯೇ ಇಲ್ಲವೆಂದು ಮದ್ರಾಸು ಉಚ್ಚ ನ್ಯಾಯಾಲಯ ೨೦೧೫ರ ಫೆಬ್ರವರಿಯಲ್ಲಿ ಆ ಆದೇಶಗಳನ್ನು ರದ್ದುಮಾಡಿತು. ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗ��� ತಡೆ ಕೊಟ್ಟಿತು. ಆಂಧ್ರದಲ್ಲಿ ೧೯೮೨ರಲ್ಲಿಯೇ ಇದಕ್ಕೆ ಪ್ರತ್ಯೇಕ ಅಧಿನಿಯಮ ಬಂದಿತ್ತು. ಕರ್ನಾಟಕದ ೨೦೧೧ರ ಅಧಿನಿಯಮವು ಸರ್ಕಾರ, ದೇವಾಲಯ, ವಕ್ಫ್ ಮೊದಲಾದವುಗಳ ಭೂಮಿಗೆ ಮಾತ್ರ, ಖಾಸಗಿ ಮನೆಗಲ್ಲ. ಗಡಿಯಾಚೆಯ ಬಂಧುಗಳು ಹೇಳಿದ ಉಪಾಯ ಗಡಿಯೀಚೆಗೆ ಒದಗದೆ ಹೋಗಬಹುದೆಂಬುದನ್ನು ನೆನಪಿಡಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ೧೯೮೭ರ ಅಧಿನಿಯಮದಂತೆ ಜಿಲ್ಲೆಗೊಂದು ಕಾನೂನು ಸೇವಾ ಪ್ರಾಧಿಕಾರವಿದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯವನ್ನು ನೋಡದೆ ಉಚಿತ ನೆರವು ಅಲ್ಲಿ ದೊರೆಯುತ್ತದೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಫಲ? ಯುಗಾದಿಗೋ ಪೊಂಗಲಿಗೋ ಮನೆ ಸಾರಿಸಿ ಸುಣ್ಣ ಬಳಿಯುವಾಗ ಪೆಟ್ಟಿಗೆಯೊಳಗಿನ ಪತ್ರಗಳನ್ನೂ ಹೊರತೆಗೆದು ಬಿಸಿಲು ಕಾಣಿಸೋಣ. ಊರಿಗೆ ಬಂದ ಮಕ್ಕಳು ನೋಂದಣಿ ಇಲಾಖೆಯ ಜಾಲತಾಣದಲ್ಲಿ ಆ ವರ್ಷದ ವಿಲ್ಲಂಗವನ್ನೂ ಕಂದಾಯ ಇಲಾಖೆಯದರಲ್ಲಿ ಪಟ್ಟಾವನ್ನೂ ತೆರೆದು ನೋಡಲಿ. ಅದಕ್ಕೆ ಅರ್ಧ ಗಂಟೆ ಸಾಕು. ಆಮೇಲೆ ಆ ತಮಿಳು ಪತ್ರವನ್ನು ಗಟ್ಟಿಯಾಗಿ ಓದಿ, ಅಜ್ಜಿಗೂ ಸೊಸೆಗೂ ತವರಿಗೆ ಬಂದ ಮಗಳಿಗೂ ಕನ್ನಡದಲ್ಲಿ ಬಿಡಿಸಿ ಹೇಳಲಿ: ಸರ್ವೆ ನಂಬರು ಯಾವುದು, ನಾಲ್ಕು ಎಲ್ಲೆ ಯಾವುವು, ಯಾರ ಯಾರ ಪಾಲು ಎಷ್ಟು. ತನ್ನ ಮನೆಯ ಎಲ್ಲೆಯನ್ನು ಬಾಯಿಪಾಠವಾಗಿ ಬಲ್ಲ ಅಜ್ಜಿಯ ಹೆಬ್ಬೆಟ್ಟನ್ನು ಸುಳ್ಳು ಹೇಳಿ ಒತ್ತಿಸಿಕೊಳ್ಳುವುದು ಅಷ್ಟು ಸುಲಭವಲ್ಲ.